ಬೆಟ್ಟದ ಮೇಲಿನ ಸೋಮವಾರ

ಹೊಸದುರ್ಗದಲ್ಲಿ ಬರೀ ನಾಗರಾಜಪ್ಪ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಲೈನ್ ನಾಗರಾಜಪ್ಪ ಎನ್ನಬೇಕು. ಕರೆಂಟ್ ಕಂಬ ಹತ್ತಿ ಇಳಿದೇ ಕೂದಲು ನೆರೆಸಿಕೊಂಡ ಮನುಷ್ಯ. ಓರಗೆಯವರೆಲ್ಲ ರಿಟೈರ್ ಆದ ಮೇಲೆ ಟೀ ಅಂಗಡಿಯ ಮುಂದೆ ಪೇಪರ್ ಹಿಡಿದು ಕೂತರೆ, ಇವರು ಬೆನ್ನಿಗೆ ಆಳೆತ್ತರದ ಚೀಲ ಏರಿಸಿಕೊಂಡು ಊರೂರು ನಡೆಯಲು ಶುರುಮಾಡಿದರು. ಎರಡು ಸಲ ಹಿಮಾಲಯಕ್ಕೂ ಹೋಗಿ ಬಂದರು. ಮೈಯಲ್ಲಿ ಎಲ್ಲಿ ಹುಡುಕಿದರೂ ಹಿಡಿ ಕೊಬ್ಬಿರಲಿಲ್ಲ. ಒಣಗಿಸಿಟ್ಟ ಹುಣಸೆ ಕಟ್ಟಿಗೆಯಂಥ ದೇಹ. ಅದರ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆ.

"ನಮ್ಮ ಬೆಟ್ಟ ನಾವೇ ನಡೀಲಿಲ್ಲ ಅಂದ್ರೆ ಹಿಮಾಲಯಕ್ಕೆ ಹೋಗಿ ಏನು ಬಂತು?" ಎಂದು ಆ ವರ್ಷ ಹೊಸ ಹುಚ್ಚು ಹಿಡಿಸಿಕೊಂಡರು. ಜೋಗಿಮಟ್ಟಿಯಲ್ಲಿ ಬೆಟ್ಟ ಹತ್ತುವುದು, ಸಾಲು ಬಿಡದೆ ದಕ್ಷಿಣಕ್ಕೆ ನಡೆಯುವುದು, ಮಾರಿಕಣಿವೆ ಡ್ಯಾಮಿನ ಹತ್ತಿರ ಇಳಿಯುವುದು. ರಾತ್ರಿ ಟೆಂಟಿನಲ್ಲಿ ಮಲಗುವುದು. ಫಾರೆಸ್ಟಿನವರ ಹತ್ತಿರ ತಾವೇ ಓಡಾಡಿ ಪರ್ಮಿಷನ್ ತಂದರು. ಜೊತೆಗೆ ಒಬ್ಬ, ಅವರ ಜೊತೆಯಲ್ಲೇ ಕೆಲಸ ಮಾಡಿ ರಿಟೈರ್ ಆದ ನಿಂಗಪ್ಪ. ಇನ್ನೊಬ್ಬಳು ಮಗಳು ಶಿವಗಂಗಾ.

ಶಿವಗಂಗಾ ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮದುವೆ ಬೇಡವೆಂದು ಹಟ ಹಿಡಿದು, ಅದನ್ನು ದಕ್ಕಿಸಿಕೊಂಡು, ಅಲ್ಲೇ ಒಂದು ಬಾಡಿಗೆ ಮನೆಯಲ್ಲಿದ್ದವಳು. ಅಪ್ಪ ಆ ವಿಷಯವಾಗಿ ಬೈಯಲಿಲ್ಲ. ಬೈಯುವ ಬದಲು ಮಾತನ್ನೇ ಕಡಿಮೆ ಮಾಡಿದರು. ಮನೆಗೆ ಬಂದರೆ "ಬಂದ್ಯಾ", ಹೊರಟರೆ "ಹೊರಟ್ಯಾ". ಹಾಗಿದ್ದವರು ಒಂದು ದಿನ ಫೋನ್ ಮಾಡಿ, "ಒಂದ್ವಾರ ರಜಾ ಹಾಕಿ ಬಾ. ನೀನು ನಡೀತೀಯ" ಎಂದರು. ನೀನು ನಡೀತೀಯ. ಅವರ ಬಾಯಿಂದ ಅವಳ ಬಗ್ಗೆ ಹೊರಟ ಮೊದಲ ಒಳ್ಳೆಯ ಮಾತು ಅದು. ಹೆಡ್ ಮಾಸ್ಟರ್ ಮುಖ ಗಂಟಿಕ್ಕಿದರೂ ರಜಾ ಹಾಕಿ ಬಂದಳು.

ಮೊದಲೆರಡು ದಿನ ಚೆನ್ನಾಗಿಯೇ ಕಳೆದವು. ಬೋದೆ ಹುಲ್ಲು ಎದೆಮಟ್ಟ ಬೆಳೆದು ಹೊಂಬಣ್ಣಕ್ಕೆ ತಿರುಗಿತ್ತು. ಒಂದು ಕಡೆ ಕರಡಿಯ ಹಸಿ ಲದ್ದಿ ಕಂಡು ಮೂವರೂ ಜೋರಾಗಿ ಮಾತಾಡುತ್ತ, ಪಾತ್ರೆ ಬಡಿಯುತ್ತ ದಾಟಿದರು. ನಿಂಗಪ್ಪ ಹಳೆಯ ಕೆಲಸದ ದಿನಗಳ ಕತೆ ತೆಗೆದು ನಗಿಸುತ್ತಿದ್ದ. ಅಪ್ಪ ಹಾಗೆ ಹೊಟ್ಟೆ ಹಿಡಿದುಕೊಂಡು ನಗುವುದನ್ನು ಶಿವಗಂಗಾ ಮನೆಯಲ್ಲಿ ಎಂದೂ ಕಂಡಿರಲಿಲ್ಲ.

ಮೂರನೆಯ ದಿನ ಕಾರ್ತಿಕದ ಕಡೇ ಸೋಮವಾರ. ನಾಗರಾಜಪ್ಪನವರದು ಚಿಕ್ಕಂದಿನಿಂದ ಬಂದ ನೇಮ. ಕಾರ್ತಿಕ ಸೋಮವಾರ ಹೊತ್ತು ಮುಳುಗಿ, ಕೊರಳಿನ ಲಿಂಗಕ್ಕೆ ಪೂಜೆಯಾಗುವ ತನಕ ಹನಿ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು. ಬೆಳಗ್ಗೆ ಶಿವಗಂಗಾ ಅವಲಕ್ಕಿ ಕಲೆಸಿದಾಗ ಅವರು ಸುಮ್ಮನೆ ಟೆಂಟು ಸುತ್ತುತ್ತಿದ್ದರು.

"ಅಪ್ಪಾಜಿ, ಇವತ್ತೊಂದಿನ ಬಿಡ್ರಿ. ಹೊರೆ ಹೊತ್ಕೊಂಡು ನಡೀಬೇಕು" ಎಂದಳು.

"ಕಂಬದ ಮೇಲಿದ್ದಾಗ್ಲೂ ಬಿಟ್ಟಿಲ್ಲ, ಈಗ ಬಿಡ್ತೀನಾ?"

ನಿಂಗಪ್ಪ ಅವಳತ್ತ ನೋಡಿ ಹುಬ್ಬು ಹಾರಿಸಿದ. ಅಲ್ಲಿಗೆ ಮಾತು ಮುಗಿಯಿತು.

ಹೊರಟಾಗ ಬಿಸಿಲು ಚುರುಗುಟ್ಟುತ್ತಿತ್ತು. ನವೆಂಬರಿನ ಬಿಸಿಲಲ್ಲ, ಯಾವುದೋ ಏಪ್ರಿಲ್ ತಿಂಗಳು ದಾರಿ ತಪ್ಪಿ ಬಂದ ಹಾಗೆ. ಹುಲ್ಲಿನ ಒಂದು ಗರಿಯೂ ಅಲ್ಲಾಡುತ್ತಿರಲಿಲ್ಲ. ದೂರದ ಬೆಟ್ಟದ ಏಣಿನ ಮೇಲೆ ಸಾಲಾಗಿ ನಿಂತ, ಕರೆಂಟ್ ತೆಗೆಯುವ ಗಾಳಿ ಫ್ಯಾನುಗಳು ರೆಕ್ಕೆ ಚಾಚಿಕೊಂಡು ಸುಮ್ಮನಿದ್ದವು. ಮೊದಲ ಏರಿನಲ್ಲೇ ಮೂವರ ಅಂಗಿಯೂ ಬೆವರಿಗೆ ತೊಯ್ದು ಬೆನ್ನಿಗಂಟಿತು. ಬಂಗಾಳ ಕೊಲ್ಲಿಯಲ್ಲಿ ಸೈಕ್ಲೋನ್ ಎದ್ದಿದೆ, ಮದ್ರಾಸಿನ ಕಡೆ ಬರುತ್ತಿದೆ ಎಂದು ಹಿಂದಿನ ಸಂಜೆ ನಿಂಗಪ್ಪನ ಫೋನಿನಲ್ಲಿ ಸುದ್ದಿ ಬಂದಿತ್ತು. "ಮದ್ರಾಸೆಲ್ಲಿ, ನಮ್ಮ ದುರ್ಗ ಎಲ್ಲಿ" ಎಂದು ನಾಗರಾಜಪ್ಪ ಅದನ್ನು ತಳ್ಳಿಹಾಕಿದ್ದರು. ಈ ಸೀಮೆಯಲ್ಲಿ ಮಳೆ ಬಂದರೆ ಸಾಕು ಎಂದು ಕೈ ಮುಗಿಯುವವರೇ ಎಲ್ಲ. ಮಳೆಗೆ ಹೆದರಿದವರನ್ನು ಕಂಡವರಾರು?

ಹೊತ್ತು ಏರುತ್ತಿದ್ದಂತೆ ಮೂಡಲಿಂದ ಗಾಳಿ ಎದ್ದಿತು. ಮೊದಮೊದಲು ಹಿತವಾಗಿತ್ತು. ಮೂವರೂ ಒಂದು ಹಾಸುಬಂಡೆಯ ಮೇಲೆ ಕೂತು ಬೆವರು ಆರಿಸಿಕೊಂಡರು. ಕೆಳಗೆ ಹಿರಿಯೂರಿನ ಕಡೆಯ ಬಯಲು ಹಾಸಿಕೊಂಡಿತ್ತು. ನೋಡುತ್ತಿದ್ದಂತೆಯೇ ಆ ಬಯಲಿನ ಅಂಚಿನಿಂದ ಬೂದಿಬಣ್ಣದ ಗೋಡೆಯೊಂದು ಎದ್ದು ಊರುಗಳನ್ನು ಒಂದೊಂದಾಗಿ ನುಂಗುತ್ತ ಬಂತು. ಗುಡುಗಿಲ್ಲ, ಮಿಂಚಿಲ್ಲ. ಸದ್ದಿಲ್ಲದೆ ಬಂದು ಮುಖಕ್ಕೆ ಸೂಜಿಯಂಥ ಹನಿ ಚುಚ್ಚಿತು.

ಮಧ್ಯಾಹ್ನದ ಹೊತ್ತಿಗೆ ಒಂದು ಕಣಿವೆ ಬಾಯಿಗೆ ಬಂದರು. ಅಲ್ಲಿಂದ ಎಡಕ್ಕೆ ಕುರಿಗಾಹಿಗಳ ಕಾಲುದಾರಿಯೊಂದು ಕೆಳಗಿನ ಹಳ್ಳಿಗೆ ಇಳಿಯುತ್ತಿತ್ತು. ನಿಂಗಪ್ಪ ಅಲ್ಲಿ ಚೀಲ ಇಳಿಸಿದ.

"ನಾಗ್ರಾಜಪ್ಪ, ಇಳಿಯಾಣ ಕಣಪ್ಪ. ಇದು ಬಿಡೋ ಮಳೆ ಅಲ್ಲ. ಊರಾಗೆ ಯಾರ್ದಾನ ಪಡಸಾಲೇಲಿ ಮಲಗಿ ನಾಳೆ ಹತ್ತಾಣ."

"ಜಿಟಿಜಿಟಿ ಮಳೆಗೆ ಇಳೀತೀಯೇನೋ? ಹಿಮಾಲಯದಾಗೆ ನಾನು ಐಸಿನ ಮೇಲೆ ಮಲಗಿದ್ದೆ."

"ಅಲ್ಲಿ ಜಾಕೀಟು ಕೊಟ್ಟಿದ್ರು, ಊಟ ಕೊಟ್ಟಿದ್ರು. ಇಲ್ಲಿ ನೀನು ಉಪಾಸ ಬೇರೆ."

"ಕೈಲಾಗಲ್ಲ ಅಂದ್ರೆ ಕೈಲಾಗಲ್ಲ ಅನ್ನು. ನನ್ನ ಉಪಾಸ ಯಾಕೆ ಮುಂದೆ ಮಾಡ್ತೀಯ?"

ನಿಂಗಪ್ಪನ ಮುಖ ಕಪ್ಪಿಟ್ಟಿತು. ಅವನು ಶಿವಗಂಗಾಳ ಕಡೆ ತಿರುಗಿದ. "ನೀನಾದ್ರೂ ಹೇಳವ್ವ."

ಅವಳಿಗೆ ಹೇಳಬೇಕೆನ್ನಿಸಿತ್ತು. ಅಂಗಿ ತೊಯ್ದಿತ್ತು, ಬೆರಳು ಮರಗಟ್ಟುತ್ತಿದ್ದವು. ಆದರೆ ಅಪ್ಪ ಅವಳನ್ನೇ ನೋಡುತ್ತಿದ್ದರು. ನೀನು ನಡೀತೀಯ ಎಂದು ಕರೆದುಕೊಂಡು ಬಂದ ಅಪ್ಪ. "ಅಪ್ಪಾಜಿ ಹೆಂಗಂತಾರೋ ಹಂಗೆ" ಎಂದುಬಿಟ್ಟಳು.

ನಿಂಗಪ್ಪ ಮತ್ತೆ ಚೀಲ ಏರಿಸಿಕೊಂಡ. ತನ್ನ ಪಾಲಿಗಿದ್ದ ಬೆಲ್ಲ, ಕಡಲೇಬೀಜದ ಪೊಟ್ಟಣ ತೆಗೆದು ಅವಳ ಕೈಗಿಟ್ಟ. "ಫ್ಯಾನಿನ ರೋಡು ಸಿಕ್ರೆ ಅದನ್ನ ಬಿಡಬ್ಯಾಡ್ರಿ" ಎಂದು ಹೇಳಿ ಕಾಲುದಾರಿಗೆ ಇಳಿದ. ನಾಲ್ಕು ಹೆಜ್ಜೆಗೇ ಮಂಜು ಅವನನ್ನು ಮುಚ್ಚಿತು. ನಾಗರಾಜಪ್ಪ "ಹೆದರುಪುಕ್ಲ" ಎಂದು ನಕ್ಕು ಮುಂದೆ ನಡೆದರು. ಆ ನಗುವಿನಲ್ಲಿ ಗೆಲುವಿರಲಿಲ್ಲ. ಒಬ್ಬ ಇಳಿದ ಮೇಲೆ ಇನ್ನು ಅವರಿಗೆ ಇಳಿಯಲಿಕ್ಕೆ ದಾರಿಯೇ ಇಲ್ಲವಾಯಿತು ಎಂಬುದು ಶಿವಗಂಗಾಳಿಗೆ ಆಗಲೇ ತಿಳಿಯಿತು.

ಅಲ್ಲಿಂದ ಮುಂದೆ ಬೆಟ್ಟದ ಏಣು ಬರೀ ಬೋಳು. ಮರವಿಲ್ಲ, ಮರೆಯಿಲ್ಲ. ಗಾಳಿ ಅಡ್ಡ ಬೀಸಿ ಚೀಲದ ಸಮೇತ ಮನುಷ್ಯರನ್ನು ಪಕ್ಕಕ್ಕೆ ನೂಕುತ್ತಿತ್ತು. ಜಾಲಿ ಮುಳ್ಳಿಗೆ ಸಿಕ್ಕಿ ನಾಗರಾಜಪ್ಪನವರ ರೇನ್‌ಕೋಟು ಹೆಗಲಿನಿಂದ ಸೊಂಟದ ತನಕ ಹರಿದಿತ್ತು. ಹರಿದ ಪ್ಲಾಸ್ಟಿಕ್ಕು ಗಾಳಿಗೆ ಪಟಪಟ ಬಡಿದುಕೊಳ್ಳುತ್ತ, ಮಳೆ ನೇರ ಒಳಗೇ ಇಳಿಯುತ್ತಿತ್ತು. ಒಳಗೆ ಹತ್ತಿ ಅಂಗಿ. ಸ್ವೆಟರ್ ಇದ್ದದ್ದು ಚೀಲದ ತಳದಲ್ಲಿ. ತೆಗೆದು ಹಾಕಿಕೊಳ್ಳಿ ಎಂದು ಅವಳು ಎರಡು ಸಲ ಹೇಳಿದಳು. "ಅದೂ ನೆನೀತೈತೆ, ರಾತ್ರಿಗಿರ್ಲಿ" ಎಂದರು. ಮಾತು ಸರಿಯೆನ್ನಿಸಿತು. ಅವರ ಮಾತು ಯಾವಾಗಲೂ ಸರಿಯೆನ್ನಿಸುತ್ತಿತ್ತು.

ಸ್ವಲ್ಪ ಹೊತ್ತಿನಲ್ಲಿ ಅವರು ಗಡಗಡ ನಡುಗತೊಡಗಿದರು. ನಿಂತಾಗ ಹಲ್ಲು ಕಟಕಟ ಎನ್ನುವುದು ಗಾಳಿಯ ಸದ್ದಿನಲ್ಲೂ ಕೇಳುತ್ತಿತ್ತು. ಅವಳು ಬೆಲ್ಲದ ಪೊಟ್ಟಣ ಬಿಚ್ಚಿ ಚಾಚಿದಳು. ಕೈ ಅಡ್ಡ ಹಿಡಿದರು. "ಬಿಸಿನೀರಾದ್ರೂ ಕಾಯಿಸ್ತೀನಿ" ಎಂದು ಬಂಡೆಯ ಸಂದಿಗೆ ಕೂತು ಸ್ಟೋವ್ ಹಚ್ಚಲು ನೋಡಿದಳು. ಗಾಳಿ ಒಂದು ಕಡ್ಡಿಯನ್ನೂ ಉರಿಯಗೊಡಲಿಲ್ಲ. ಆ ಗಾಳಿಗೆ ಟೆಂಟೂ ನಿಲ್ಲುವಂತಿರಲಿಲ್ಲ. ಅಷ್ಟು ಹೊತ್ತು ಕೂತದ್ದೇ ಕೇಡಾಯಿತು. ಎದ್ದು ಚೀಲದ ಬಕಲ್ ಹಾಕಿಕೊಳ್ಳಲು ಹೋದವರ ಬೆರಳು ಬಕಲ್ಲಿನ ಮೇಲೆ ಸುಮ್ಮನೆ ಆಡಿದವು, ಹಾಕಲಾಗಲಿಲ್ಲ. ನೂರಾರು ಕಂಬದ ತುದಿಯಲ್ಲಿ ನಿಂತು ತಂತಿ ಬಿಗಿದಿದ್ದ ಬೆರಳುಗಳು. ಅವಳು ಬಗ್ಗಿ ತಾನೇ ಹಾಕಿದಳು. ಅವರು ಬೇಡವೆನ್ನಲಿಲ್ಲ. ಅವರು ಬೇಡವೆನ್ನದೇ ಇದ್ದದ್ದು ಕಂಡು ಅವಳಿಗೆ ಮೊದಲ ಸಲ ಭಯವಾಯಿತು.

ಮಂಜು ಎಷ್ಟು ದಟ್ಟವಾಯಿತೆಂದರೆ ಮುಂದಿನ ಹೆಜ್ಜೆ ಬಂಡೆಯೋ ಪ್ರಪಾತವೋ ತಿಳಿಯುತ್ತಿರಲಿಲ್ಲ. ಈಗ ಅವಳು ಮುಂದೆ, ಅಪ್ಪ ಹಿಂದೆ. ಅಪ್ಪ ಎಡವಿದರು. ಮತ್ತೆ ಎಡವಿದರು. ಮೂರನೆಯ ಸಲ ಬಿದ್ದಾಗ ತಿರುಗಿ ನೋಡಿದರೆ ಏಳುವ ಪ್ರಯತ್ನವನ್ನೇ ಮಾಡದೆ ಹುಲ್ಲಿನಲ್ಲಿ ಕೂತಿದ್ದರು.

"ಲೈನ್ ಆಫ್ ಮಾಡ್ಸಿದೀಯಾ?" ಎಂದರು. ನಾಲಿಗೆ ತೊದಲುತ್ತಿತ್ತು.

"ಏನಂದ್ರಿ ಅಪ್ಪಾಜಿ?"

"ಸ್ಟೇಷನ್ನಿಗೆ ಫೋನ್ ಮಾಡಿ ಕೇಳು. ಆಫ್ ಮಾಡ್ಸದೆ ಯಾರೂ ಹತ್ತಬ್ಯಾಡ್ರಿ."

ಮೈಯ ಉಷ್ಣಾಂಶದ ಪಾಠ ಅವಳು ವರ್ಷವರ್ಷವೂ ಮಾಡುತ್ತಿದ್ದಳು. ಇಷ್ಟು ಇರಬೇಕು, ಇದಕ್ಕಿಂತ ಇಳಿದರೆ ಅಂಗಾಂಗ ಕೆಲಸ ನಿಲ್ಲಿಸುತ್ತವೆ ಎಂದು ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಬರೆಸುತ್ತಿದ್ದಳು. ಅದು ಹಿಮ ಬೀಳುವ ದೇಶಗಳ ಮಾತು ಎಂದುಕೊಂಡಿದ್ದಳೇ ವಿನಾ, ಚಿತ್ರದುರ್ಗದ ಬೆಟ್ಟದ ಮೇಲೆ ತನ್ನ ಅಪ್ಪನಿಗೆ ಎಂದು ಯಾವತ್ತೂ ಅಂದುಕೊಂಡಿರಲಿಲ್ಲ.

"ಏಳ್ರಿ ಅಪ್ಪಾಜಿ. ಫ್ಯಾನು ಹತ್ರ ಐತೆ. ಸದ್ದು ಕೇಳ್ತೈತೆ ನೋಡ್ರಿ."

ಸದ್ದು ನಿಜವಾಗಿಯೂ ಕೇಳುತ್ತಿತ್ತು. ಮಂಜಿನೊಳಗೆ ಎಲ್ಲೋ ಮೇಲೆ, ಯಾರೋ ಭಾರದ ಬಟ್ಟೆ ಬೀಸಿ ಬೀಸಿ ಒಗೆದ ಹಾಗೆ. ಆದರೆ ನಾಗರಾಜಪ್ಪ ಏಳಲಿಲ್ಲ. ಅವರ ನಡುಕ ನಿಂತಿತ್ತು. ಅಬ್ಬ, ಸುಧಾರಿಸಿಕೊಂಡರು ಎಂದು ಅವಳು ಅಂದುಕೊಂಡಳು. ಮರುಕ್ಷಣ ಅವರು "ಸೆಕೆ ಕಣವ್ವ, ಎಂಥ ಸೆಕೆ" ಎನ್ನುತ್ತ ಚೀಲ ಜಾರಿಸಿ, ರೇನ್‌ಕೋಟು ಕಿತ್ತೆಸೆದು ಅಂಗಿಯ ಗುಂಡಿಗೆ ಕೈ ಹಾಕಿದರು. ಗುಂಡಿ ಬರದಿದ್ದಾಗ ಎಳೆದು ಹರಿದರು. ಬಿಳಿಚಿದ ಎದೆಯ ಮೇಲೆ ಲಿಂಗದ ಕರಡಿಗೆ ತೂಗಾಡಿತು. ಮಳೆ ಆ ಎಲುಬುಗಳ ಮೇಲೆ ಹರಿಯುತ್ತಿದ್ದರೆ ಅವರು ಮುಗುಳ್ನಗುತ್ತಿದ್ದರು.

ಶಿವಗಂಗಾ ತನ್ನ ಚೀಲ ಕಳಚಿ ಒಗೆದಳು. ಅಪ್ಪನ ಚೀಲ ಬಿಚ್ಚಿ, ತಳದ ಸ್ವೆಟರ್ ಎಳೆದು ತಲೆಯ ಮೇಲಿಂದ ಹಾಕಲು ಹೋದಳು. ಅವರು ಕೈ ಬೀಸಿದರು. ಆ ಕೈ ಅವಳ ದವಡೆಗೆ ಬಡಿಯಿತು. ಅವಳು ತೋಳು ತಿರುಚಿ ಹಿಡಿದು, ಎಳೆ ಮಗುವಿಗೆ ಹಾಕುವ ಹಾಗೆ ಒಂದೊಂದೇ ತೋಳು ತೂರಿಸಿದಳು. ತನ್ನ ರೇನ್‌ಕೋಟು ಕಳಚಿ ಅವರಿಗೆ ಹೊದಿಸಿ, ಹಗ್ಗದಿಂದ ಸೊಂಟಕ್ಕೆ ಬಿಗಿದಳು.

"ಏಳ್ರಿ."

ಅವರು ಹುಲ್ಲಿನ ಮೇಲೆ ಪಕ್ಕಕ್ಕೆ ಹೊರಳಿ ಮಲಗಲು ಹೊರಟರು.

"ಏಳ್ರಿ ಅಪ್ಪಾಜಿ!"

"ಇಲ್ಲೇ ಇರಾಣ."

ಆಗ ಅವಳ ಬಾಯಿಂದ ಆ ಮಾತು ಹೊರಬಿತ್ತು. "ಏಳಲೇ! ಎದ್ದೇಳಲೇ ಮೇಲೆ! ನಿನ್ನ ಮಾತು ಕೇಳಿದ್ದು ಸಾಕು, ಈಗ ನನ್ನ ಮಾತು ಕೇಳು!" ಕೂಗಿದ ರಭಸಕ್ಕೆ ಗಂಟಲು ಹರಿದಂತಾಯಿತು. ಅವಳಷ್ಟೇ ಅಲ್ಲ, ಹೊಸದುರ್ಗದಲ್ಲಿ ಯಾರೂ ಲೈನ್ ನಾಗರಾಜಪ್ಪನವರಿಗೆ ಲೇ ಎಂದವರಿರಲಿಲ್ಲ. ಅವರು ಕಣ್ಣು ಬಿಟ್ಟು ಅವಳನ್ನು ನೋಡಿದರು. ಆಮೇಲೆ ಏಟು ತಿಂದ ಹುಡುಗನ ಹಾಗೆ, ತುಟಿ ಬಿಗಿಹಿಡಿದು, ಅವಳ ಕೈ ಹಿಡಿದುಕೊಂಡು ಎದ್ದರು.

ಎರಡೂ ಚೀಲ ಅಲ್ಲೇ ಬಿಟ್ಟಳು. ಬೆಲ್ಲದ ಪೊಟ್ಟಣವನ್ನೂ ನೀರಿನ ಬಾಟಲಿಯನ್ನೂ ಮಾತ್ರ ಜೇಬಿಗೆ ತುರುಕಿಕೊಂಡಳು. ಅಪ್ಪನ ತೋಳು ಕೊರಳಿಗೆ ಹಾಕಿಕೊಂಡು ಸದ್ದು ಬಂದ ಕಡೆಗೆ ನಡೆದಳು. ನಡೆದದ್ದೇನು, ಎಳೆದದ್ದು. ಏರಿನಲ್ಲಿ ಮಂಡಿಯೂರಿಕೊಂಡು ಎಳೆದಳು. "ಹೆಜ್ಜೆ ಹಾಕು. ಹಾಕು ಹೆಜ್ಜೆ" ಎಂದು ಕಿವಿಯ ಹತ್ತಿರ ಕೂಗುತ್ತಲೇ ಇದ್ದಳು. ಅವರು ಹಾಕುತ್ತಿದ್ದರು.

ಕೆಂಪು ಮಣ್ಣಿನ ರೋಡು ಕಾಲಿಗೆ ಸಿಕ್ಕಿತು. ರೋಡಿನ ಕೊನೆಗೆ ಫ್ಯಾನಿನ ಬುಡ, ಮನೆಯಷ್ಟು ದಪ್ಪ. ಮೇಲಿನದೇನೂ ಕಾಣುತ್ತಿರಲಿಲ್ಲ. ಅದರ ಪಕ್ಕದಲ್ಲಿ ಕಬ್ಬಿಣದ ಬಾಗಿಲಿನ ಒಂದು ಸಿಮೆಂಟು ಕೋಣೆ. ಕೋಣೆಯ ಹಿಂದೆ ನಾಲ್ಕು ತಗಡು ನಿಲ್ಲಿಸಿ ಮಾಡಿದ ಗೂಡು. ಗೂಡಿನಿಂದ ಒಬ್ಬ ನಡುವಯಸ್ಸಿನ ಮನುಷ್ಯ ಗೋಣಿಯ ಕೊಪ್ಪೆ ಹೊದ್ದು ಹೊರಗೆ ಬಂದ. ಅಲ್ಲಿಯ ಕಾವಲುಗಾರ, ಓಬಯ್ಯ ಎಂದು ಹೆಸರು.

"ಯಾರ್ರಿ? ಏನಾತು? ಬಿದ್ರಾ?"

"ಚಳಿ ಹೊಡ್ದೈತೆ. ಆ ಕೋಣೆ ತೆಗೀರಿ ಅಣ್ಣ. ಬೇಗ."

ಓಬಯ್ಯ ಕೋಣೆಯ ಕಡೆ ನೋಡಿದ, ಅವಳ ಕಡೆ ನೋಡಿದ. "ಅದು ಕಂಪ್ನೀದಕ್ಕ. ಒಳಗೆ ಮಿಷನ್ ಅವೆ, ಕ್ಯಾಮೆರಾ ಐತೆ. ಹೊರಗಿನೋರ್ನ ಬಿಟ್ರೆ ನನ್ನ ಕೆಲ್ಸ ಹೋಗ್ತೈತೆ. ನನ್ನ ಗೂಡಿಗೆ ಬರ್ರಿ, ಕುಂತ್ಕಳ್ರಿ."

ಗೂಡಿನ ತಗಡುಗಳ ನಡುವೆ ಗಾಳಿ ಸೀಟಿ ಊದುತ್ತಿತ್ತು, ನೆಲದಲ್ಲಿ ನೀರು ನಿಂತಿತ್ತು. "ಇಲ್ಲಿ ಬೇಡ" ಎಂದಳು. ಅವನು ಫೋನ್ ತೆಗೆದ. ಸಿಗ್ನಲ್ ಇಲ್ಲ. ಫ್ಯಾನಿನ ಆ ಕಡೆ ಹೋಗಿ ಕೈ ಎತ್ತಿ ಹಿಡಿದ, ಈ ಕಡೆ ಬಂದು ಹಿಡಿದ. "ಸಾಹೇಬ್ರಿಗೊಂದು ಮಾತು ಹೇಳಿ ತೆಗೀತೀನಿ ತಡೀರಿ" ಎಂದ. ಶಿವಗಂಗಾ ಅಪ್ಪನನ್ನು ಕೋಣೆಯ ಬಾಗಿಲಿಗೆ ಒರಗಿಸಿ, ತಾನು ಗಾಳಿಗೆ ಅಡ್ಡ ನಿಂತಳು. ಅವನನ್ನು ಬೈಯಲಿಲ್ಲ. ಬೈಯಲು ಉಸಿರಿರಲಿಲ್ಲ. ಅವನೇ ಒಂದು ಸಲ ಹತ್ತಿರ ಬಂದು ನಾಗರಾಜಪ್ಪನವರ ಮುಖ ಮುಟ್ಟಿದ. ಮುಟ್ಟಿದ ಕೈಯನ್ನು ಬೆಂಕಿ ತಾಕಿದವನಂತೆ ಹಿಂದಕ್ಕೆ ಎಳೆದುಕೊಂಡ. "ಅಯ್ಯೋ ಶಿವನೇ" ಎಂದವನೇ ಸೊಂಟದ ಬೀಗದ ಕೈ ತೆಗೆದು ಬಾಗಿಲು ತೆರೆದ.

ಒಳಗೆ ಬೆಚ್ಚಗಿತ್ತು. ಯಾವುದೋ ಮಿಷನ್ ಗುಂಯ್‌ಗುಡುತ್ತ ಬಿಸಿ ಉಗುಳುತ್ತಿತ್ತು. ಇಬ್ಬರೂ ಸೇರಿ ಅವರ ಒದ್ದೆ ಬಟ್ಟೆಯನ್ನೆಲ್ಲ ತೆಗೆದು, ಓಬಯ್ಯನ ಕಂಬಳಿ ಸುತ್ತಿದರು. ಶಿವಗಂಗಾ ಅಪ್ಪನ ಹಿಂದೆ ಗೋಡೆಗೊರಗಿ ಕೂತು ಅವರನ್ನು ತನ್ನ ಎದೆಗೆ ಒರಗಿಸಿಕೊಂಡು ಅದೇ ಕಂಬಳಿಯನ್ನು ಸುತ್ತಲೂ ಎಳೆದುಕೊಂಡಳು. ಓಬಯ್ಯ ಬಾಗಿಲ ಹೊರಗೆ ಪೇಂಟಿನ ಡಬ್ಬದಲ್ಲಿ ಬೆಂಕಿ ಹಚ್ಚಿ ನೀರು ಕಾಯಿಸಿ ಕೊಟ್ಟ. ಆಮೇಲೆ, "ಕೆಳಗಿನ ತಿರುವಿನಾಗೆ ಸಿಗ್ನಲ್ ಸಿಗ್ತೈತೆ. ಓಡ್ಹೋಗಿ ಗಾಡಿ ಕಳ್ಸಾಕೆ ಹೇಳಿ ಬರ್ತೀನಿ" ಎಂದು ಮಳೆಯಲ್ಲಿ ಓಡಿದ. ಅವನ ಚಪ್ಪಲಿಯ ಸದ್ದು ಕೆಸರಿನಲ್ಲಿ ಪಚಪಚ ಎನ್ನುತ್ತ ದೂರವಾಯಿತು.

ಅವಳು ಬಿಸಿನೀರಿಗೆ ಬೆಲ್ಲ ಕಲೆಸಿ ಲೋಟವನ್ನು ಅಪ್ಪನ ತುಟಿಗೆ ಹಿಡಿದಳು. ಕಣ್ಣು ಅರೆಮುಚ್ಚಿದ್ದ ಮನುಷ್ಯ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡರು. ಬೇರೆಲ್ಲ ಮರೆತಿದ್ದವರು ಅದೊಂದನ್ನು ಮರೆತಿರಲಿಲ್ಲ.

"ಹೊತ್ತು... ಮುಳುಗ್ತಾ?" ಎಂದರು.

ಹೊರಗೆ ಇನ್ನೂ ಬೂದಿ ಬೆಳಕಿತ್ತು. ಸಂಜೆಗೆ ಬೇಕಾದಷ್ಟು ಹೊತ್ತಿತ್ತು.

"ಮುಳುಗ್ತು ಅಪ್ಪಾಜಿ" ಎಂದಳು ಅವಳು. "ಕತ್ತಲಾಗೈತೆ. ಪೂಜೆ ಮಾಡಾಣ ಬರ್ರಿ."

ಕರಡಿಗೆ ತೆರೆದು ಲಿಂಗವನ್ನು ಅವರ ಎಡಗೈಯಲ್ಲಿಟ್ಟಳು. ಅಂಗೈ ಬಿಗಿಯಲಿಲ್ಲ, ಅದಕ್ಕೇ ತನ್ನ ಅಂಗೈಯನ್ನು ಕೆಳಗೆ ಒಡ್ಡಿ ಹಿಡಿದಳು. ಬೆರಳಲ್ಲಿ ನೀರು ಅದ್ದಿ ಮೂರು ಹನಿ ಬಿಟ್ಟಳು. ವಿಭೂತಿ ಬಿಟ್ಟುಬಂದ ಚೀಲದಲ್ಲಿ ಉಳಿದಿತ್ತು. ಡಬ್ಬದ ಬೆಂಕಿಯ ಬೂದಿಯನ್ನೇ ತಂದು ಅವರ ಹಣೆಗೆ ಎಳೆದಳು. ಚಿಕ್ಕಂದಿನಲ್ಲಿ ಅವರು ದಿನಾ ಬೆಳಗ್ಗೆ ಗೊಣಗುತ್ತಿದ್ದ ಮಂತ್ರದಲ್ಲಿ ಅವಳಿಗೆ ನೆನಪಿಗೆ ಬಂದದ್ದು ಐದಕ್ಷರ ಮಾತ್ರ. ಅದನ್ನೇ ಮತ್ತೆ ಮತ್ತೆ ಹೇಳಿದಳು. ಅವರ ತುಟಿಯೂ ಅಲುಗಿತು, ಅಥವಾ ಹಾಗೆ ಕಂಡಿತು.

"ಆತು ಅಪ್ಪಾಜಿ. ಈಗ ಕುಡೀರಿ."

ಅವರು ಬಾಯಿ ತೆರೆದರು. ಮೊದಲ ಗುಟುಕು ಒಳಗೆ ಹೋಯಿತು. ಗಂಟಲ ಗುಳಿ ಮೇಲೆ ಕೆಳಗೆ ಆಡಿದ್ದನ್ನು ಅವಳು ಬೆರಳಿಟ್ಟು ಮುಟ್ಟಿಕೊಂಡಳು. ಎರಡನೆಯದೂ ಹೋಯಿತು. ಮೂರನೆಯದು ತುಟಿಯಂಚಿನಿಂದ ಕಂಬಳಿಯ ಮೇಲೆ ಇಳಿಯಿತು.

ಅವಳು ಮಾತಾಡುತ್ತಲೇ ಇದ್ದಳು. ಅಮ್ಮ ಕಾಯ್ತಾ ಇದಾಳೆ ಎಂದಳು. ನಾಳೆ ಬಿಸಿಲು ಬರ್ತೈತೆ, ಮಾರಿಕಣಿವೆಗೆ ನಾವೇ ನಡ್ಕೊಂಡು ಇಳಿಯಾಣ ಎಂದಳು. ಸುಸ್ತಾದಾಗ ಸುಮ್ಮನಾಗಿ ಅವರ ಉಸಿರು ಕೇಳಿಸಿಕೊಂಡಳು. ಉಸಿರು ಬರುತ್ತಿತ್ತು, ತಡೆದು ತಡೆದು, ಏರು ಹತ್ತುವವರು ನಿಂತು ನಿಂತು ಹತ್ತುವ ಹಾಗೆ. ಬೆಚ್ಚನೆಯ ಕೋಣೆಯಲ್ಲಿ ಅವಳ ಸ್ವಂತ ಮೈ ನಿಧಾನಕ್ಕೆ ಕಾವೇರುತ್ತಿತ್ತು. ಅವಳ ಎದೆಗಾನಿಕೊಂಡ ಬೆನ್ನು ಕಾವೇರಲಿಲ್ಲ. ಯಾವಾಗ ಎಂದು ಅವಳಿಗೆ ತಿಳಿಯಲಿಲ್ಲ. ಒಂದು ಉಸಿರಿಗಾಗಿ ಕಾದಳು, ಇನ್ನೂ ಕಾದಳು, ಅದು ಬರಲಿಲ್ಲ. ಮಿಷನ್ ಗುಂಯ್‌ಗುಡುತ್ತಲೇ ಇತ್ತು.

ಅವರನ್ನು ಕೆಳಗೆ ಮಲಗಿಸಲು ಮನಸ್ಸಾಗಲಿಲ್ಲ. ಹಾಗೆಯೇ ಹಿಡಿದುಕೊಂಡು ಕೂತಳು.

ಜೀಪು ಬಂದಾಗ ನಿಜವಾಗಿಯೂ ಹೊತ್ತು ಮುಳುಗುತ್ತಿತ್ತು. ಓಬಯ್ಯನ ಹಿಂದೆ ಹಳ್ಳಿಯ ಮೂರು ಜನ, ಅವರ ಹಿಂದೆ ನಿಂಗಪ್ಪ. ನಿಂಗಪ್ಪ ಕೆಳಗಿಳಿದವನು ಬಟ್ಟೆ ಬದಲಿಸದೆ ಮನೆಮನೆ ಸುತ್ತಿ ಗಾಡಿ ಹುಡುಕಿ, ಫ್ಯಾನಿನ ರೋಡಿಗೆ ಹೊರಡಿಸಿದ್ದ. ಅರ್ಧ ದಾರಿಗೆ ಬಂದಾಗ ಓಬಯ್ಯ ಎದುರಾಗಿದ್ದ. ನಿಂಗಪ್ಪ ಬಾಗಿಲಲ್ಲಿ ನಿಂತು, "ಹೆಂಗವನೆ?" ಎಂದ. ಅವನು ಒಳಗೆ ಬಂದು ಗೆಳೆಯನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು ಉಜ್ಜತೊಡಗಿದ. ಬಹಳ ಹೊತ್ತು ಉಜ್ಜಿದ. ಹಳ್ಳಿಯವರು ತೋಳು ಹಿಡಿದು ಬಿಡಿಸಬೇಕಾಯಿತು.

ದೇಹ ಕೂತ ಭಂಗಿಯಲ್ಲೇ ಬಿಗಿಯತೊಡಗಿತ್ತು. ಕಂಬಳಿಯನ್ನೇ ಜೋಳಿಗೆ ಮಾಡಿ, ಕೂತವರನ್ನು ಕೂತ ಹಾಗೆಯೇ ಎತ್ತಿ ಜೀಪಿಗೆ ಸೇರಿಸಿದರು. ಇಳಿಯುವಾಗ ಪ್ರತಿ ತಿರುವಿನಲ್ಲೂ ಆ ತಲೆ ಅವಳ ಭುಜಕ್ಕೆ ಬಂದು ತಾಗುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು, "ಬಿಪಿ ಇತ್ತಾ? ಶುಗರ್ ಇತ್ತಾ? ಹಾರ್ಟ್ ಇರಬೇಕು" ಎಂದರು. ಚಳಿಯಿಂದ ಎಂದಳು ಅವಳು. ಅವರು ಕನ್ನಡಕದ ಮೇಲಿಂದ ನೋಡಿದರು. ಮನೆಗೆ ಬಂದ ನೆಂಟರೂ ಹಾಗೇ ನೋಡಿದರು. "ದುರ್ಗದಾಗೆ ಚಳಿಗೆ ಯಾರಾನ ಸಾಯ್ತಾರೇನವ್ವ?" ಎಂದಳು ದೊಡ್ಡಮ್ಮ ಬೊಮ್ಮಕ್ಕ. ಬೊಮ್ಮಕ್ಕನಿಗೆ ಅದಕ್ಕಿಂತ ಒಳ್ಳೆಯ ಕಾರಣ ಸಿಕ್ಕಿತ್ತು. ಕಾರ್ತಿಕ ಸೋಮವಾರ, ಉಪವಾಸ, ಅಂಗೈಯಲ್ಲಿ ಲಿಂಗ, ಕೂತಲ್ಲೇ ಪ್ರಾಣ. ಎಂಥ ಪುಣ್ಯವಂತ ಎಂದು ಬಂದವರಿಗೆಲ್ಲ ಹೇಳಿದಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದು ಊರೆಲ್ಲ ಹಬ್ಬಿತು. ಮಠದ ಸ್ವಾಮಿಗಳೂ ಅದನ್ನೇ ಎತ್ತಿ ಆಡಿದರು. ಅಮ್ಮ ಪಾರ್ವತಮ್ಮ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡದ್ದನ್ನು ಕಂಡು ಶಿವಗಂಗಾ ಬಾಯಿ ಮುಚ್ಚಿದಳು.

ಬಾಗೂರಿನಲ್ಲಿದ್ದ ತಮ್ಮ ಹೊಲದಲ್ಲಿ ಗುಂಡಿ ತೆಗೆದು ಕೂರಿಸಿ ಮಣ್ಣು ಮಾಡಿದರು. ಅವತ್ತು ಮೋಡದ ಚೂರೂ ಇರಲಿಲ್ಲ. ಬಿಸಿಲಿಗೆ ಜನ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಮಣ್ಣು ಎಳೆಯುತ್ತಿದ್ದ ನೆಂಟರ ಹುಡುಗರ ಬೆನ್ನ ಮೇಲೆ ಬೆವರು ಹೊಳೆಯುತ್ತಿತ್ತು. ಶಿವಗಂಗಾ ಮಾತ್ರ ಸ್ವೆಟರ್ ಹಾಕಿಕೊಂಡು ನಿಂತಿದ್ದಳು. ಅದನ್ನು ಬಿಚ್ಚು ಎಂದು ಯಾರು ಹೇಳಿದರೂ ಕೇಳಲಿಲ್ಲ.

ಎಲ್ಲರೂ ಚದುರಿದ ಮೇಲೆ ಬದುವಿನ ಮೇಲೆ ನಿಂಗಪ್ಪ ಒಬ್ಬನೇ ಕೂತಿದ್ದ. ಅವಳು ಹೋಗಿ ಪಕ್ಕದಲ್ಲಿ ಕೂತಳು.

"ಅವತ್ತು ಕಣಿವೆ ಬಾಯಾಗೆ ನಾನು ಅವನ ಕಾಲಿಗೆ ಬಿದ್ದಾದ್ರೂ ಇಳಿಸ್ಬೇಕಿತ್ತು" ಎಂದ. "ಸಿಟ್ಟು ಬಂತು ಕಣವ್ವ. ಹಾಳಾಗಿ ಹೋಗ್ಲಿ ಅಂದ್ಕಂಡೇ ಇಳಿದೆ."

ಅವಳು ಸ್ವೆಟರಿನ ತೋಳನ್ನು ಬೆರಳಿನ ತನಕ ಎಳೆದುಕೊಂಡಳು.

"ನನ್ನ ಕೇಳಿದ್ರಲ್ಲ ನೀವು. ನಾನೂ ಇಳಿಯಾಣ ಅನ್ನಲಿಲ್ಲ" ಎಂದಳು.

ಹೊಸ ಮಣ್ಣಿನ ಗುಡ್ಡೆಯ ಮೇಲೆ ಯಾರೋ ನೆಟ್ಟಿದ್ದ ಬಿಲ್ವದ ಕೊಂಬೆ ಆಗಲೇ ಬಾಡುತ್ತಿತ್ತು. ನಿಂಗಪ್ಪ ಎದ್ದು, ಪಂಪ್‌ಸೆಟ್ಟಿನ ತೊಟ್ಟಿಯಿಂದ ಎರಡು ಬೊಗಸೆ ನೀರು ತಂದು ಅದರ ಬುಡಕ್ಕೆ ಹಾಕಿದ. ಆಮೇಲೆ ಅವಳ ಕಡೆ ತಿರುಗಿ, "ಬಸ್ಸಿನ ಹೊತ್ತಾತು, ಹೋಗಾಣ ಬಾ" ಎಂದ. ಇಬ್ಬರೂ ಹೊಲ ದಾಟಿ ರೋಡಿಗೆ ನಡೆದರು.